ಸೊನ್ನೆ ಬಿಲ್ಲಿನ ಮನೆಗೆ ಸೋಲಾರ್ ಏಕೆ?

ಸಿಂದಗಿ ತಾಲ್ಲೂಕಿನ ಮೋರಟಗಿ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಬಿಸಿಲಿಗಲ್ಲ. ಒಂದು ಕಿಲೋವ್ಯಾಟ್ ಸೋಲಾರ್ ಫಲಕಗಳಿಂದ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕರೆಂಟ್ ಸಿಗುತ್ತದೆ. ಬೇಕಾದ ಜಾಗ ನೂರು ಚದರಡಿ ಚಾವಣಿ. 2024ರ ಫೆಬ್ರುವರಿಯಲ್ಲಿ ಬಂದ ಕೇಂದ್ರದ ‘ಪಿಎಂ ಸೂರ್ಯಘರ್’ ಯೋಜನೆಯಡಿ ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು 78,000 ರೂಪಾಯಿವರೆಗೆ ಸಹಾಯಧನವಿದೆ. ಆದರೆ ಈ ಭಾಗದ ಸಣ್ಣ ಕುಟುಂಬ ಇದಕ್ಕೆ ಅರ್ಜಿ ಹಾಕಲು ಕಾರಣವೇ ಕಾಣುವುದಿಲ್ಲ. 2023ರ ಜುಲೈ ಬಳಕೆಯಿಂದ ಜಾರಿಯಾದ ರಾಜ್ಯದ ‘ಗೃಹಜ್ಯೋತಿ’, 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೊಂದಿಷ್ಟು ಕರೆಂಟನ್ನು ಉಚಿತವಾಗಿ ಕೊಡುತ್ತಿದೆ. ಬಿಲ್ಲೇ ಬಾರದವರು ಬಿಲ್ಲು ಉಳಿಸಲು ಸಾಲ ಮಾಡುವುದುಂಟೆ? ಒಂದು ಸರ್ಕಾರ ತೋರಿಸಿದ ಆಸೆಯನ್ನು ಇನ್ನೊಂದು ಸರ್ಕಾರದ ನೆರವು ಅಳಿಸಿಹಾಕುತ್ತಿದೆ. ನಷ್ಟ ಇಬ್ಬರಿಗೂ ಇದೆ.

ಈ ಎರಡೂ ನೆರವನ್ನು ಜೋಡಿಸುವ ಲೆಕ್ಕ ಕಷ್ಟದ್ದಲ್ಲ. ತಿಂಗಳಿಗೆ 60 ಯೂನಿಟ್ ಬಳಸುವ ಮನೆಯನ್ನು ತೆಗೆದುಕೊಳ್ಳೋಣ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ರಾಜ್ಯದ ಬೊಕ್ಕಸ ಆ ಮನೆಯ ಪರವಾಗಿ ಈ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂಗೆ ವರ್ಷಕ್ಕೆ 4,320 ರೂಪಾಯಿ ತುಂಬಬೇಕು. ಐದು ವರ್ಷಕ್ಕೆ 21,600. ಸೂರ್ಯಘರ್ ಸಹಾಯಧನವನ್ನು ನಿಗದಿಪಡಿಸಿದ ಲೆಕ್ಕದಲ್ಲಿ ಒಂದು ಕಿಲೋವ್ಯಾಟ್‌ನ ವೆಚ್ಚ 50,000 ರೂಪಾಯಿ. ಕೇಂದ್ರ ಅದರಲ್ಲಿ ಶೇ 60 ಕೊಡುತ್ತದೆ. ಉಳಿಯುವುದು 20,000. ಪೇಟೆಯ ದರ ಇದಕ್ಕಿಂತ ಹೆಚ್ಚಿದ್ದರೆ ಇನ್ನೆರಡು ವರ್ಷ ಸೇರಿಸಿಕೊಳ್ಳಿ. ಹೇಗೂ ಖರ್ಚಾಗುವ ಗೃಹಜ್ಯೋತಿಯ ಹಣವನ್ನು ಮುಂಗಡವಾಗಿ ಕೊಟ್ಟರೆ ಸಾಕು, ಇಪ್ಪತ್ತೈದು ವರ್ಷ ಬಾಳುವ ಫಲಕಗಳು ಬಡವರ ಮನೆಯ ಮೇಲೆ ಬರುತ್ತವೆ. ಉತ್ತರ ಪ್ರದೇಶ ಕೇಂದ್ರದ ಸಹಾಯಧನದ ಮೇಲೆ ಕಿಲೋವ್ಯಾಟ್‌ಗೆ 15,000 ರೂಪಾಯಿಯಂತೆ 30,000 ರೂಪಾಯಿವರೆಗೆ ಸೇರಿಸಿ ಕೊಡುತ್ತಿದೆ. ಕರ್ನಾಟಕ ಹೊಸದಾಗಿ ದುಡ್ಡು ಹುಡುಕಬೇಕಾಗಿಯೂ ಇಲ್ಲ.

ಗೃಹಜ್ಯೋತಿಗೆ ಕೈ ಹಚ್ಚುವುದು ಬಡವರ ಹೊಟ್ಟೆಯ ಮೇಲೆ ಹೊಡೆದಂತೆ ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಅದಕ್ಕಾಗಿಯೇ ಸೊನ್ನೆ ಬಿಲ್ಲಿನ ಭರವಸೆ ಹಾಗೇ ಇರಬೇಕು, ಮನೆಯವರ ಕೈಯಿಂದ ಒಂದು ರೂಪಾಯಿಯೂ ಹೋಗಬಾರದು, ಸಾಲ ಅವರ ಹೆಸರಿಗೆ ಬೀಳಬಾರದು. ಸೂರ್ಯಘರ್ ನಿಯಮಗಳಲ್ಲೇ ಇದಕ್ಕೆ ದಾರಿ ಇದೆ: ವಿದ್ಯುತ್ ಕಂಪನಿ ತಾನೇ ಮನೆಗಳ ಮೇಲೆ ಫಲಕ ಹಾಕಿಸಿ, ಕನಿಷ್ಠ ಐದು ವರ್ಷದ ನಂತರ ಮನೆಯವರಿಗೆ ಒಪ್ಪಿಸಬಹುದು. ರಾತ್ರಿ ಬಿಸಿಲೆಲ್ಲಿ ಎನ್ನುವವರ ಮಾತೂ ನಿಜ. ಬ್ಯಾಟರಿಯಿಲ್ಲದ ಈ ವ್ಯವಸ್ಥೆ ಲೈನ್ ಹೋದೊಡನೆ ತಾನೂ ನಿಲ್ಲುತ್ತದೆ. ಲೈನ್‌ಮನ್‌ಗಳ ಜೀವರಕ್ಷಣೆಗಾಗಿ ಅದನ್ನು ಹಾಗೇ ರೂಪಿಸಲಾಗಿದೆ. ಕರೆಂಟ್ ಕಡಿತಕ್ಕೆ ಇದು ಮದ್ದಲ್ಲ. ಆದರೆ ಹಗಲಲ್ಲಿ ಮನೆಗೆ ಬೇಡವಾದ ಕರೆಂಟ್ ಅದೇ ಊರಿನ ಗಿರಣಿಗೆ, ಅಂಗಡಿಗೆ ಹರಿಯುತ್ತದೆ. ದೂರದಿಂದ ತರುವಾಗ ತಂತಿಯಲ್ಲಿ ಸೋರಿಹೋಗುವ ಪಾಲು ಉಳಿಯುತ್ತದೆ. ಇದೇ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸ್ಥಾವರ ಹೊರಗಿನಿಂದ ತಂದ ಕಲ್ಲಿದ್ದಲನ್ನು ಸುಡುತ್ತಿರುವಾಗ, ಹಗಲಿನ ಹೊರೆಯನ್ನಾದರೂ ಬಿಸಿಲಿಗೆ ವಹಿಸುವುದು ಸಣ್ಣ ಮಾತಲ್ಲ.

ನಿಜವಾದ ತೊಡಕು ಚಾವಣಿಯದು. ಮಣ್ಣಿನ ಮೇಲ್ಮುದ್ದೆಯ ಮನೆ, ತಗಡಿನ ಮನೆಗಳ ಮೇಲೆ ಫಲಕ ಕೂರಿಸುವುದು ಸುಲಭವಲ್ಲ. ಅಣ್ಣತಮ್ಮಂದಿರ ಮನೆಯ ಉತಾರ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಅರ್ಜಿಯೇ ಮುಂದೆ ಸಾಗುವುದಿಲ್ಲ. ಅಂಥವರ ಪಾಲಿನ ಫಲಕಗಳನ್ನು ಶಾಲೆ, ಪಂಚಾಯಿತಿ ಕಟ್ಟಡ, ಗಾಂವಠಾಣ ಜಾಗದಲ್ಲಿ ಹಾಕಿಸಿ ಯೂನಿಟ್‌ಗಳನ್ನು ಅವರ ಮೀಟರಿಗೆ ಜಮಾ ಮಾಡಬೇಕು. ಹಿಂದೆ ಇಂಥವರು ಹೊರಗೇ ಉಳಿದಿದ್ದರು: 2013ರಲ್ಲಿ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ಸಹಾಯಧನ ಪಡೆಯದ ಚಾವಣಿ ಸೋಲಾರ್‌ಗೆ ಯೂನಿಟ್‌ಗೆ 9.56 ರೂಪಾಯಿ ಖರೀದಿ ದರ ಕಟ್ಟಿತ್ತು. ಆ ಉದಾರ ದರದ ಲಾಭ ಪಡೆಯಲು ಸ್ವಂತ ಆರ್‌ಸಿಸಿ ಚಾವಣಿಯೂ ಕೈಯಲ್ಲಿ ಬಂಡವಾಳವೂ ಬೇಕಿತ್ತು. ಈ ಸಲವಾದರೂ ಯೋಜನೆಯ ಪಟ್ಟಿ ತಗಡಿನ ಮನೆಗಳಿಂದ ಶುರುವಾಗಲಿ.