ನಿಲ್ಲಿಸುವ ವಿದ್ಯೆ

ಕಾರು ಕೊಳ್ಳುವವರು ಅದು ಎಷ್ಟು ವೇಗವಾಗಿ ಓಡುತ್ತದೆ, ಲೀಟರಿಗೆ ಎಷ್ಟು ದೂರ ಕೊಡುತ್ತದೆ ಎಂದು ಹತ್ತು ಮಂದಿಯನ್ನು ಕೇಳುತ್ತಾರೆ. ಎಷ್ಟು ಚೆನ್ನಾಗಿ ನಿಲ್ಲುತ್ತದೆ ಎಂದು ಕೇಳುವವರು ಅಪರೂಪ. ನಾವೂ ಕೇಳಿದವರಲ್ಲ. ನಮ್ಮ ಹಳೆಯ ಪುಟ್ಟ ಕಾರು ಬ್ರೇಕು ಒತ್ತಿದಾಗಲೆಲ್ಲ ಮುಂದಿನ ಗಾಲಿಯಿಂದ 'ಕೀಂಯ್' ಎನ್ನತೊಡಗಿದಾಗ, ಮಳೆಯ ನೀರು ಹೊಕ್ಕಿರಬೇಕೆಂದು ಸಮಾಧಾನ ಮಾಡಿಕೊಂಡೆವು. ಮಳೆಗಾಲ ಕಳೆಯಿತು, ಕೂಗು ಕಳೆಯಲಿಲ್ಲ. ೨೦೨೩ರ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೊರಡುವ ಮಾತು ಬಂದಾಗ ಮನೆಯಾಕೆ, "ಖಂಬಾಟಕಿ ಘಾಟಿನಲ್ಲಿ ಇದು ಹೀಗೆ ಕಿರುಚಿದರೆ ನಾನು ಮಕ್ಕಳೊಡನೆ ಇಳಿದು ಬಸ್ಸು ಹಿಡಿಯುವವಳೇ" ಎಂದು ಸ್ಪಷ್ಟವಾಗಿ ಹೇಳಿಬಿಟ್ಟಳು.

ನಮ್ಮ ಕೆಳಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಮೋಟಾರು ದುರಸ್ತಿಯಲ್ಲೇ ಬಾಳು ಸವೆಸಿದವರು. ಸದ್ದು ಕೇಳಿ ಅವರು ನಕ್ಕರು. "ಇದು ರೋಗವಲ್ಲ, ಕಾವಲುಗಾರ. ಪ್ಯಾಡು ಸವೆಯಿತು ಎಂದು ಕೂಗುತ್ತಿದ್ದಾನೆ. ಭಾನುವಾರ ನೀವೇ ಬದಲಿಸಿ, ನಾನು ಕುರ್ಚಿ ಹಾಕಿಕೊಂಡು ಕೂರುತ್ತೇನೆ" ಎಂದರು.

ಡಿಸ್ಕು ಬ್ರೇಕಿನ ಮರ್ಮ ಸರಳವಾದದ್ದು. ಗಾಲಿಯೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕು. ಅದರ ಅಂಚನ್ನು ಇಕ್ಕುಳದಂತೆ ಬಳಸಿಕೊಂಡಿರುವುದು ಕ್ಯಾಲಿಪರು; ಅದರೊಳಗೆ ತಟ್ಟೆಯ ಎರಡೂ ಪಕ್ಕಕ್ಕೆ ಒಂದೊಂದು ಪ್ಯಾಡು. ಪೆಡಲನ್ನು ತುಳಿದರೆ ಕೊಳವೆಯಲ್ಲಿರುವ ದ್ರವವು ಪಿಸ್ಟನನ್ನು ತಳ್ಳಿ ಒಳಗಿನ ಪ್ಯಾಡನ್ನು ತಟ್ಟೆಗೆ ಒತ್ತುತ್ತದೆ. ಆಗ ಕ್ಯಾಲಿಪರು ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಓಟದ ಶಕ್ತಿಯೆಲ್ಲ ಶಾಖವಾಗುತ್ತದೆ. ೧,೨೦೦ ಕಿಲೋ ತೂಕದ ಕಾರು ಗಂಟೆಗೆ ೮೦ ಕಿಲೋಮೀಟರು ವೇಗದಿಂದ ಒಮ್ಮೆ ನಿಂತರೆ, ಒಂದು ಲೀಟರು ನೀರನ್ನು ೭೦ ಡಿಗ್ರಿಯಷ್ಟು ಕಾಯಿಸುವ ಶಾಖ ಹುಟ್ಟುತ್ತದೆ! ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಇದರಲ್ಲಿ ಹೆಚ್ಚಿನ ಪಾಲು ಮುಂದಿನ ಗಾಲಿಗಳದು.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇಂಥ ಬ್ರೇಕಿಗೆ ೧೯೦೨ರಲ್ಲೇ ಪೇಟೆಂಟು ಪಡೆದಿದ್ದ. ಆದರೆ ಅದರ ಕೀರ್ತಿ ಹಬ್ಬಿದ್ದು ೧೯೫೩ರಲ್ಲಿ, ಡಿಸ್ಕು ಬ್ರೇಕು ತೊಟ್ಟ ಜಾಗ್ವಾರ್ ಕಾರು ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಗೆದ್ದಾಗ. ಚೆನ್ನಾಗಿ ನಿಲ್ಲಬಲ್ಲದ್ದೇ ಧೈರ್ಯವಾಗಿ ಓಡಬಲ್ಲದು ಎಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು.

ಭಾನುವಾರ ಬಂತು. ಸಮನೆಲದಲ್ಲಿ ಕಾರು ನಿಲ್ಲಿಸಿ, ಕೈಬ್ರೇಕು ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆವು. ಗಾಲಿಯ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕಿನಿಂದ ಎತ್ತಿದೆವು. ಜಾಕನ್ನೊಂದನ್ನೇ ನಂಬಬಾರದೆಂದು ಹಿರಿಯರು ಕಬ್ಬಿಣದ ಊರುಗಾಲೊಂದನ್ನು ಅಡಿಯಲ್ಲಿ ಇಡಿಸಿದರು. ಗಾಲಿ ಕಳಚಿ, ಕ್ಯಾಲಿಪರಿನ ಕೆಳಗಿನ ಬೋಲ್ಟನ್ನು ತೆಗೆದು, ಅದನ್ನು ಮೇಲಕ್ಕೆ ಮಡಿಚಿ ಕಟ್ಟಿದೆವು. ರಬ್ಬರು ಕೊಳವೆಗೆ ಅದನ್ನು ಜೋತುಬಿಡುವಂತಿಲ್ಲ. ಹಳೆಯ ಪ್ಯಾಡು ಕೈಗೆ ಬಂತು. ಹೊಸದರ ಉಜ್ಜುಪದರ ಸುಮಾರು ೧೦ ಮಿಲಿಮೀಟರು. ೩ಕ್ಕೆ ಇಳಿದರೆ ಬದಲಿಸಬೇಕು. ನಮ್ಮದು ೨ ಕೂಡ ಇರಲಿಲ್ಲ! ಅದರ ಬೆನ್ನಿನ ಉಕ್ಕಿನ ನಾಲಿಗೆ ತಟ್ಟೆಗೆ ತಗುಲಿ ಕೂಗುತ್ತಿತ್ತು. ಇನ್ನೂ ಕಿವುಡರಾಗಿದ್ದರೆ ಕಬ್ಬಿಣವು ಕಬ್ಬಿಣವನ್ನೇ ಕೊರೆಯುತ್ತಿತ್ತು.

ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿದೆವು. ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ತಟ್ಟೆಯಲ್ಲಿ ಬಿರುಕು, ಆಳವಾದ ಗೀರು ಇಲ್ಲವೆಂದು ಕಂಡುಕೊಂಡೆವು. ಹೊಸ ಪ್ಯಾಡು ದಪ್ಪ. ಅದಕ್ಕೆ ಜಾಗವಾಗಬೇಕಾದರೆ ಪಿಸ್ಟನು ಹಿಂದೆ ಸರಿಯಬೇಕು. ಹಳೆಯ ಪ್ಯಾಡನ್ನು ಅಡ್ಡ ಇಟ್ಟು ಬಡಗಿಯ ಕ್ಲ್ಯಾಂಪಿನಿಂದ ಮೆಲ್ಲಗೆ ಒತ್ತಿದೆವು. ಆಗ ಡಬ್ಬಿಯಲ್ಲಿ ದ್ರವ ಏರುತ್ತದೆ, ಚೆಲ್ಲದಂತೆ ನೋಡಬೇಕು. ಬಣ್ಣವನ್ನೂ ತಿಂದುಹಾಕುವ ದ್ರವ ಅದು. ಜಾರುವ ಕಡ್ಡಿಗಳಿಗೆ ಶಾಖ ತಡೆಯುವ ಗ್ರೀಸು ಸವರಿ, ಪ್ಯಾಡಿನ ಮುಖಕ್ಕೆ ಒಂದು ಹನಿಯೂ ತಾಗದಂತೆ ಜೋಡಿಸಿದೆವು. ಬೋಲ್ಟನ್ನು ಕೈಪಿಡಿ ಹೇಳಿದಷ್ಟು ಬಿಗಿದು, ಇನ್ನೊಂದು ಗಾಲಿಗೂ ಹಾಗೆಯೇ ಮಾಡಿದೆವು. ಒಂದೇ ಕಡೆ ಬದಲಿಸಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಜಾಕು ಇಳಿಯಿತು. ಹೆಮ್ಮೆಯಿಂದ ಒಳಗೆ ಕುಳಿತು ಕೀಲಿಗೆ ಕೈ ಹಾಕಿದೆವು. ಅಂಗಳದಲ್ಲಿ ಹುಡುಗರ ಕ್ರಿಕೆಟ್ಟು ನಡೆದಿತ್ತು. ಹದಿನೈದು ಅಡಿ ಮುಂದೆ, ಬೆನ್ನು ತಿರುಗಿಸಿ ವಿಕೆಟ್ಟು ಕಾಯುತ್ತಿದ್ದವನು ನಮ್ಮ ಮಗನೇ.

"ಕೀಲಿ ಬಿಡಿ! ಮೊದಲು ಪೆಡಲು ತುಳಿಯಿರಿ" ಎಂದು ಹಿರಿಯರು ಗದರಿದರು.

ತುಳಿದೆವು. ಕಾಲು ಯಾವ ತಡೆಯೂ ಇಲ್ಲದೆ ನೆಲಕ್ಕೆ ತಾಗಿತು. ಹಿಂದೆ ತಳ್ಳಿದ ಪಿಸ್ಟನು ಮುಂದೆ ಬಂದು ಪ್ಯಾಡನ್ನು ಮುಟ್ಟುವ ತನಕ ಕಾರಿಗೆ ಬ್ರೇಕೇ ಇಲ್ಲ! ಐದಾರು ಸಲ ತುಳಿದ ಮೇಲೆ ಪೆಡಲು ಕಲ್ಲಾಯಿತು. ನಮ್ಮ ಬೆನ್ನು ಬೆವರಿಂದ ಒದ್ದೆಯಾಗಿತ್ತು. ಹಿರಿಯರು ಮಾತಾಡಲಿಲ್ಲ, ಹುಡುಗನತ್ತ ಒಮ್ಮೆ, ನಮ್ಮತ್ತ ಒಮ್ಮೆ ನೋಡಿದರು.

ಕಚೇರಿಯ ಕಾಗದದಲ್ಲಿ ತಪ್ಪಾದರೆ ಮೇಲಿನವರು ತಿದ್ದಲು ಅವಕಾಶ ಉಂಟು, ಇಲ್ಲಿ ಹಾಗಿಲ್ಲ. ಈ ಕೆಲಸಕ್ಕೆ ಕೈ ಹಾಕುವ ವಾಚಕರು ಮಿಕ್ಕೆಲ್ಲ ಮರೆತರೂ ಇದನ್ನು ಮರೆಯಬಾರದು: ಪೆಡಲು ಗಟ್ಟಿಯಾಗದೆ ಎಂಜಿನು ಚಾಲೂ ಮಾಡಕೂಡದು. ಬಳಿಕ ದ್ರವದ ಮಟ್ಟ ನೋಡಿ, ಖಾಲಿ ರಸ್ತೆಯಲ್ಲಿ ಹತ್ತಾರು ಸಲ ಮೆಲ್ಲಗೆ ಬ್ರೇಕು ಹಾಕಿ ಪ್ಯಾಡನ್ನು ಪಳಗಿಸಬೇಕು. ಅನುಭವವಿಲ್ಲದವರು ಬಲ್ಲವರಿಂದಲೇ ಮಾಡಿಸಲಿ. ಆದರೆ ಹಳೆಯ ಪ್ಯಾಡನ್ನು ಕೇಳಿ ನೋಡಲಿ.

ದೀಪಾವಳಿಗೆ ಹೊರಟೆವು. ಘಾಟಿನ ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಇಳಿಸಿ, ಬ್ರೇಕಿಗೆ ಹೆಚ್ಚು ಕೆಲಸ ಕೊಡದೆ ಸಾಗಿದೆವು. ಗಾಲಿಗಳು ಮೌನವಾಗಿದ್ದವು. ಪಕ್ಕಕ್ಕೆ ನೋಡಿದರೆ, ಬಸ್ಸು ಹಿಡಿಯುತ್ತೇನೆಂದಿದ್ದ ಮನೆಯಾಕೆಗೆ ಒಳ್ಳೆಯ ನಿದ್ದೆ. ಇದಕ್ಕಿಂತ ದೊಡ್ಡ ಯೋಗ್ಯತಾಪತ್ರ ನಮಗೆ ಬೇಕಿರಲಿಲ್ಲ.