ತೇಗದ ಚಿಗುರು ಮತ್ತು ಎಲೆಹುಳು

ಕಡೂರು ಬಯಲುಸೀಮೆ, ಅಜ್ಜಂಪುರ ಅಮೃತಮಹಲ್ ದನಗಳ ಊರು. ತರೀಕೆರೆಯ ಆಚೆ, ಲಕ್ಕವಳ್ಳಿಯ ಸುತ್ತ, ತೇಗದ ಕಾಡು. ಈ ತೇಗದ ಬದ್ಧವೈರಿ ‘ಹಿಬ್ಲಿಯಾ ಪ್ಯುಯೆರಾ’ ಎಂಬ ಎಲೆಹುಳು.

ಬೇಸಿಗೆಯಲ್ಲಿ ಎಲೆ ಉದುರಿಸಿದ ತೇಗ ಮೊದಲ ಮಳೆಗೆ ಚಿಗುರುತ್ತದೆ. ಆಗಲೇ ಪತಂಗಗಳು ಹಿಂಡಾಗಿ ಬಂದು ಎಳೆಯ ಎಲೆಗಳ ಮೇಲೆ ಮೊಟ್ಟೆಯಿಡುತ್ತವೆ. ಮರಿಹುಳುಗಳು ಎರಡು ವಾರದೊಳಗೆ ತೋಪನ್ನೇ ಬೋಳು ಮಾಡಬಲ್ಲವು. ಮರ ಸಾಯದು, ಬೆಳವಣಿಗೆ ಕುಂಠಿತವಾಗುತ್ತದೆ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು 1985ರಲ್ಲಿ ಪ್ರಕಟಿಸಿದಂತೆ, ನಿಲಂಬೂರಿನ ಎಳೆಯ ತೋಪುಗಳಲ್ಲಿ ಬೆಳೆಯಬೇಕಾಗಿದ್ದ ಮರದಲ್ಲಿ ಶೇಕಡ 44 ಭಾಗ ಹೀಗೆ ನಷ್ಟವಾಗಿತ್ತು.

ಹವಾಮಾನ ಬದಲಾದರೆ ಏನಾದೀತು? ಸೆಕೆ ಏರಿದಂತೆ, ಒಂದು ಮಿತಿಯವರೆಗೆ, ಹುಳು ಬೇಗ ಬೆಳೆಯುತ್ತದೆ. ವರ್ಷಕ್ಕೆ ಪೀಳಿಗೆಗಳು ಹೆಚ್ಚಬಹುದು. ಮಿತಿ ಮೀರಿದ ಸೆಕೆ ಹುಳುವನ್ನೇ ಕೊಲ್ಲಲೂಬಹುದು. ಮಳೆ ಹಿಂದುಮುಂದಾದರೆ ಚಿಗುರೂ ಹಿಂದುಮುಂದಾಗುತ್ತದೆ. ಚಿಗುರು ಪತಂಗಕ್ಕೆ ತಪ್ಪಿದರೆ ಮರಕ್ಕೆ ಲಾಭ. ಬಿಟ್ಟು ಬಿಟ್ಟು ಚಿಗುರಿದರೆ ಹುಳುವಿಗೆ ಮತ್ತೆ ಮತ್ತೆ ಊಟ. ಆದುದರಿಂದ ಕಾಟ ಎಲ್ಲೆಡೆ ಹೆಚ್ಚುವುದೆನ್ನಲಾಗದು. ಅದು ಬರುವ ಕಾಲದ ಹಳೆಯ ಲೆಕ್ಕ ಮಾತ್ರ ಕೈಕೊಡಬಹುದು.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ ನಾನು. ಭರಣಿ, ಕೃತ್ತಿಕೆ ಮಳೆಗಳ ಲೆಕ್ಕವನ್ನು ಓದು ಬಾರದ ಹಿರಿಯರಿಂದಲೇ ಕಲಿತೆ. ಆ ಲೆಕ್ಕವನ್ನು ನಾವು ಬರೆದಿಡಬೇಕು. ಪ್ರತಿವರ್ಷ ಮೊದಲ ಮಳೆ, ಮೊದಲ ಚಿಗುರು, ಮೊದಲ ಹುಳು ಕಂಡ ತಾರೀಖುಗಳನ್ನು ಮಿತ್ರರು ಗುರುತಿಸಿಟ್ಟರೆ ಅರಣ್ಯ ಇಲಾಖೆಗೂ ತೇಗ ನೆಟ್ಟ ರೈತನಿಗೂ ಉಪಕಾರವಾದೀತು.