ಹೊಗೆಯೂ ಹೊಣೆಯೂ

ಕಛೇರಿಯಲ್ಲಿಯಾಗಲಿ ಮೋಟಾರು ನಿಲ್ದಾಣದಲ್ಲಿಯಾಗಲಿ ಪರರು ಬಿಟ್ಟ ಬೀಡಿಯ ಹೊಗೆಯನ್ನು ನಾವು ನುಂಗಬೇಕೆಂಬ ವಿಧಿಯೇನೂ ಇಲ್ಲ. ಸೇದದವನ ಹೃದಯಕ್ಕೂ ಶ್ವಾಸಕೋಶಕ್ಕೂ ಅದು ಕೇಡೆಂಬುದು ವೈದ್ಯಶಾಸ್ತ್ರದಿಂದ ಸಿದ್ಧವಾಗಿದೆ. ಮುರಳಿ ದೇವೊರಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಸಾರ್ವಜನಿಕ ಸ್ಥಳಗಳ ಧೂಮಪಾನವನ್ನು ನಿಷೇಧಿಸಿತು. 2003ರಲ್ಲಿ ಶಾಸನವಾಯಿತು, 2008ರ ಗಾಂಧೀಜಯಂತಿಯಿಂದ ಅದರ ನಿಯಮಗಳು ಉದ್ಯೋಗಸ್ಥಳಗಳಿಗೂ ಅನ್ವಯಿಸಿದುವು. ಕರ್ನಾಟಕದಲ್ಲಿ 2025ರಿಂದ ದಂಡವು 200 ರೂಪಾಯಿಗಳಿಂದ 1000ಕ್ಕೆ ಏರಿದೆ.

ಆದರೆ ಶಾಸನವು ತಾನಾಗಿ ನಡೆಯದು. ದ್ವಾರದಲ್ಲಿ ನಿಷೇಧಫಲಕವಿರಬೇಕು, ದೂರನ್ನು ಸ್ವೀಕರಿಸುವವರ ಹೆಸರೂ ಎದ್ದು ಕಾಣುವಂತಿರಬೇಕು. ದೂರು ಬಂದರೂ ಸುಮ್ಮನಿದ್ದ ಮೇಲಧಿಕಾರಿಯು, ಅಪರಾಧಗಳೆಷ್ಟೋ ಅಷ್ಟರ ದಂಡಕ್ಕೆ ತಾನೇ ಗುರಿಯಾಗುವನು. ಅಧಿಕಾರಿವರ್ಗದವರು ಇದನ್ನು ಮನಗಾಣುವುದು ಲೇಸು.

ಮೇಲಿನವರ ಮುಖಕ್ಕಂಜಿ ಕೆಮ್ಮನ್ನು ಅಡಗಿಸಿಕೊಳ್ಳುವ ಗುಮಾಸ್ತನಿಗೆ ಪೌರರೇ ಬೆಂಬಲವಾಗಬೇಕು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ಸರ್ಕಾರವನ್ನೇ ಎದುರಿಸಿತು; ಮರುವರ್ಷ ಅದರ ಐವರು ಗಲ್ಲಿಗೇರಿದರು. ಅಂಥ ನೆಲದ ಜನರಿಗೆ, ನೆರೆಯ ಸೊರಬದವರಿಗೆ, ಫಲಕವೆಲ್ಲಿ ಎಂದು ಕೇಳಿ ಒಂದು ದೂರು ಬರೆದುಕೊಡುವಷ್ಟು ಧೈರ್ಯ ಸಾಲದೆ? ಪುರಸಭೆಗಳ ಮುಂದೆಯೂ ತಾಲ್ಲೂಕು ಕಛೇರಿಗಳ ಮುಂದೆಯೂ ಮಹಾಜನರು ಈ ಪ್ರಶ್ನೆಯನ್ನು ಇಂದೇ ಎತ್ತಬೇಕೆಂದು ನಮ್ಮ ವಿಜ್ಞಾಪನೆ.